ಇಂಜಿನ್ ಆಯಿಲ್ ಟೆಂಪರೇಚರ್ ಮೈನಸ್ 40 ತೋರಿಸ್ತಾ ಇದೆ: ಸೆನ್ಸರ್ ಹೋಗಿದೆಯಾ, ವೈರಿಂಗಾ?

ಬೈತಖೋಲ್ ಪಿಕಪ್:
ಎಲ್ಲರಿಗೂ ನಮಸ್ಕಾರ. ನನ್ನದು ಬಿಎಸ್6 ಡೀಸೆಲ್ ಪಿಕಪ್, ಕಾರವಾರದಿಂದ ಹುಬ್ಬಳ್ಳಿಗೆ ಮೀನಿನ ಲೋಡ್ ಹೋಗುತ್ತದೆ. ಜೂನ್, ಜುಲೈ ಎರಡು ತಿಂಗಳು ಮೀನುಗಾರಿಕೆ ಬಂದ್ ಇರುತ್ತೆ ಅಲ್ವಾ, ಆಗ ಗಾಡಿ ಬಂದರಿನ ಹತ್ತಿರ ಮಳೆಯಲ್ಲೇ ನಿಂತಿತ್ತು. ಆಗಸ್ಟಿನಲ್ಲಿ ಓಡಿಸಲು ಶುರು ಮಾಡಿದ ಮೇಲೆ ಚೆಕ್ ಇಂಜಿನ್ ಲೈಟ್ ಬಂದು ಬಂದು ಹೋಗ್ತಾ ಇತ್ತು, ಈಗ ಹೋಗುವುದೇ ಇಲ್ಲ. ಸ್ಕ್ಯಾನರ್ ಹಾಕಿದರೆ ಪಿ0198 ಕೋಡ್. ಲೈವ್ ಡೇಟಾದಲ್ಲಿ ಕೂಲೆಂಟ್ 84 ಡಿಗ್ರಿ, ಆಯಿಲ್ ಮಾತ್ರ ಮೈನಸ್ 40. ಅರಬೈಲ್ ಘಾಟಿ ಹತ್ತುವಾಗ ಪುಲ್ಲಿಂಗ್ ಕೂಡ ಸ್ವಲ್ಪ ಕಡಿಮೆ ಅನಿಸುತ್ತೆ. ಗ್ಯಾರೇಜಿನವರು ಸೆನ್ಸರ್ ಬದಲಾಯಿಸಿ ಅಂತಾರೆ. ಆರ್ಡರ್ ಹಾಕಲಾ?

ಶಿರಸಿ ಆಟೋ ವೈರಿಂಗ್:
ಈಗಲೇ ಹಾಕಬೇಡಿ ಅಣ್ಣ. ಪಿ0198 ಅಂದರೆ ಸರ್ಕ್ಯೂಟಿನಲ್ಲಿ ವೋಲ್ಟೇಜ್ ಜಾಸ್ತಿ ಇದೆ ಅಂತ ಅಷ್ಟೇ, ಸೆನ್ಸರ್ ಸತ್ತಿದೆ ಅಂತ ಅಲ್ಲ. ಇಸಿಯು, ಅಂದರೆ ಇಂಜಿನ್ ನಿಯಂತ್ರಿಸುವ ಕಂಪ್ಯೂಟರ್, ತನ್ನೊಳಗಿನ ಒಂದು ರೆಸಿಸ್ಟರ್ ಮೂಲಕ ಸೆನ್ಸರಿಗೆ 5 ವೋಲ್ಟ್ ಕಳಿಸುತ್ತೆ. ಆಯಿಲ್ ತಣ್ಣಗಿದ್ದರೆ ಸೆನ್ಸರಿನ ರೆಸಿಸ್ಟೆನ್ಸ್ ಜಾಸ್ತಿ, ಹಾಗಾಗಿ ವೋಲ್ಟೇಜೂ ಜಾಸ್ತಿ. ಬಿಸಿಯಾದ ಹಾಗೆ ಎರಡೂ ಇಳಿಯುತ್ತವೆ. ಎಲ್ಲಾದರೂ ವೈರ್ ಕಟ್ ಆದರೆ ಪೂರ್ತಿ 5 ವೋಲ್ಟ್ ಹಾಗೇ ನಿಲ್ಲುತ್ತೆ, ಇಸಿಯು ಅದನ್ನು ಮೈನಸ್ 40 ಅಂತ ಓದುತ್ತೆ. ಶಾರ್ಟ್ ಆಗಿದ್ದರೆ ಇದರ ಉಲ್ಟಾ, ಸಿಕ್ಕಾಪಟ್ಟೆ ಬಿಸಿ ತೋರಿಸಿ ಪಿ0197 ಬರುತ್ತೆ.

ಮೊದಲು ಕನೆಕ್ಟರ್ ಬಿಚ್ಚಿ ಪಿನ್ ನೋಡಿ. ಎರಡೇ ವೈರ್ ಇದ್ದರೆ ಹಾರ್ನೆಸ್ (ಗಾಡಿಯ ವೈರಿನ ಕಟ್ಟು) ಕಡೆಯ ಎರಡೂ ಪಿನ್‌ಗಳನ್ನು ಒಂದು ಸಣ್ಣ ವೈರಿನಿಂದ ಜಂಪ್ ಮಾಡಿ, ಇಗ್ನಿಷನ್ ಆನ್ ಮಾಡಿ ಲೈವ್ ಡೇಟಾ ನೋಡಿ. ರೀಡಿಂಗ್ ಮೈನಸ್ 40ರಿಂದ ಒಂದೇ ಸಲಕ್ಕೆ ಮೇಲಕ್ಕೆ ಹಾರಿದರೆ ವೈರಿಂಗ್, ಇಸಿಯು ಎರಡೂ ಸರಿ, ಸೆನ್ಸರೇ ಹೋಗಿದೆ. ಹಾರದೇ ಇದ್ದರೆ ಹೊಸ ಸೆನ್ಸರ್ ಹಾಕಿದರೂ ಅದೇ ಕಥೆ. ಮೂರು ನಾಲ್ಕು ವೈರ್ ಇದ್ದರೆ ಅದು ಪ್ರೆಶರ್ ಅಥವಾ ಲೆವೆಲ್ ಕೂಡ ಅಳೆಯುವ ಸೆನ್ಸರ್, ಅಲ್ಲಿ ಈ ಜಂಪ್ ಮಾಡಲೇಬೇಡಿ. ಬಲ್ಬಿನ ಟೆಸ್ಟ್ ಲ್ಯಾಂಪೂ ಬೇಡ, ಮಲ್ಟಿಮೀಟರ್ ಮಾತ್ರ.

ಕುಮಟಾ ಡ್ರೈವರ್:
ಎರಡು ತಿಂಗಳು ನಿಂತ ಗಾಡಿ ಅಂತೀರಿ, ಇಲಿ ಕಡಿದಿದೆಯಾ ಅಂತ ಒಮ್ಮೆ ನೋಡಿ ಮಾರಾಯ್ರೆ. ಮಳೆಗಾಲದಲ್ಲಿ ಬಾನೆಟ್ ಒಳಗೇ ಬಂದು ಕೂರ್ತವೆ. ಮೀನು ಗಾಡಿಯಲ್ಲಿ ಐಸ್ ಕರಗಿದ ಉಪ್ಪು ನೀರಿನ ಕಾಟ ಬೇರೆ.

ಬೈತಖೋಲ್ ಪಿಕಪ್:
ನೋಡಿದೆ. ಇಲಿ ಕಡಿದ ಗುರುತು ಇಲ್ಲ. ಎರಡೇ ವೈರ್ ಇದೆ. ಜಂಪ್ ಮಾಡಿದರೂ ಮೈನಸ್ 40ರಿಂದ ಅಲ್ಲಾಡಲಿಲ್ಲ. ಸೆನ್ಸರಿನ ರೆಸಿಸ್ಟೆನ್ಸ್ ಬೆಳಿಗ್ಗೆ ತಣ್ಣಗಿದ್ದಾಗ 1.9 ಕಿಲೋ ಓಮ್, ಇಂಜಿನ್ ಬಿಸಿ ಮಾಡಿದ ಮೇಲೆ 300 ಓಮ್ ಹತ್ತಿರ ಬಂತು. ಒಂದು ಪಿನ್ನಿನಿಂದ ಬ್ಯಾಟರಿ ನೆಗೆಟಿವ್‌ಗೆ ಹಿಡಿದರೆ 5 ವೋಲ್ಟ್ ಇದೆ. ಆದರೆ ಎರಡು ಪಿನ್ ನಡುವೆ ಹಿಡಿದರೆ ಏನೂ ಇಲ್ಲ.

ಶಿರಸಿ ಆಟೋ ವೈರಿಂಗ್:
ಹಾಗಾದರೆ ಸಿಕ್ಕಿತು. ತಣ್ಣಗೆ 2 ಕಿಲೋ ಓಮ್ ಆಸುಪಾಸು ಇದ್ದು ಬಿಸಿಗೆ ಇಳಿಯುತ್ತಿದೆ ಅಂದರೆ ಸೆನ್ಸರ್ ಕೆಲಸ ಮಾಡ್ತಾ ಇದೆ. 5 ವೋಲ್ಟ್ ಬರ್ತಾ ಇದೆ ಅಂದರೆ ಸಿಗ್ನಲ್ ವೈರ್ ಸರಿ. ಕಟ್ ಆಗಿರುವುದು ಇನ್ನೊಂದು, ಸೆನ್ಸರಿನಿಂದ ಇಸಿಯುಗೆ ವಾಪಸ್ ಹೋಗುವ ರಿಟರ್ನ್ ವೈರ್. ಆ ರಿಟರ್ನ್ ಸಾಮಾನ್ಯವಾಗಿ ಬೇರೆ ಸೆನ್ಸರ್‌ಗಳ ಜೊತೆ ಹಾರ್ನೆಸ್ ಒಳಗೆ ಒಂದು ಕಡೆ ಸೇರುತ್ತೆ. ನಿಮ್ಮ ಕೂಲೆಂಟ್ ರೀಡಿಂಗ್ ಸರಿ ಇರುವುದರಿಂದ ಆ ಜಾಯಿಂಟಿನಿಂದ ಈಚೆಗೇ ತೊಂದರೆ ಇರಬೇಕು. ಮೊದಲು ಕನೆಕ್ಟರ್ ಹಿಂದಿನ ನಾಲ್ಕೈದು ಇಂಚು ಹುಡುಕಿ. ಬ್ಯಾಟರಿ ನೆಗೆಟಿವ್ ಬಿಚ್ಚಿಟ್ಟು, ಟೇಪ್ ತೆಗೆದು, ವೈರನ್ನು ಮೆತ್ತಗೆ ಎಳೆದು ನೋಡಿ. ಒಳಗೆ ತಾಮ್ರ ತುಂಡಾಗಿದ್ದರೆ ಆ ಜಾಗದಲ್ಲಿ ಇನ್ಸುಲೇಷನ್ ರಬ್ಬರಿನ ಹಾಗೆ ಹಿಗ್ಗುತ್ತೆ. ಸೂಜಿ ಚುಚ್ಚಿ ಟೆಸ್ಟ್ ಮಾಡುವ ಅಭ್ಯಾಸ ಕರಾವಳಿಯಲ್ಲಿ ಬೇಡವೇ ಬೇಡ, ಆ ತೂತಿನಿಂದಲೇ ಉಪ್ಪಿನ ತೇವ ಒಳಗೆ ಹೋಗುತ್ತೆ.

ರಿಪೇರಿಯಲ್ಲಿ ಒಂದು ವಿಷಯ ಗಟ್ಟಿಯಾಗಿ ಹೇಳ್ತೇನೆ. ತಾಮ್ರ ಹಸಿರು ಅಥವಾ ಕಪ್ಪು ಆಗಿರುವಷ್ಟನ್ನೂ ಕತ್ತರಿಸಿ, ಹೊಳೆಯುವ ತಾಮ್ರ ಸಿಗುವವರೆಗೆ ಹಿಂದೆ ಹೋಗಿ. ಕಪ್ಪು ತಾಮ್ರಕ್ಕೆ ಸೋಲ್ಡರ್ ಹಿಡಿಯುವುದಿಲ್ಲ, ಹಿಡಿದ ಹಾಗೆ ಕಂಡರೂ ಮುಂದಿನ ಮಳೆಗೆ ಬಿಟ್ಟುಹೋಗುತ್ತೆ. ವೈರ್ ಗಿಡ್ಡ ಆದರೆ ಅಷ್ಟೇ ದಪ್ಪದ ತುಂಡು ಸೇರಿಸಿ. ಆಸಿಡ್ ಫ್ಲಕ್ಸ್ ಬೇಡ, ರೋಸಿನ್ ಫ್ಲಕ್ಸ್ ಹಾಕಿ. ಮೇಲೆ ಒಳಗಡೆ ಅಂಟು ಇರುವ ಹೀಟ್ ಶ್ರಿಂಕ್ (ಬಿಸಿಗೆ ಕುಗ್ಗಿ ಕೂರುವ ಟ್ಯೂಬ್) ಹಾಕಿ ಕಾಯಿಸಿ, ಎರಡೂ ತುದಿಯಲ್ಲಿ ಅಂಟು ಹೊರಗೆ ಇಣುಕಬೇಕು. ಬರೀ ಟೇಪ್ ಸುತ್ತಿದರೆ ಇಂಜಿನ್ ಬಿಸಿಗೆ ಬಿಚ್ಚಿಕೊಳ್ಳುತ್ತೆ. ಕನೆಕ್ಟರಿನ ರಬ್ಬರ್ ಸೀಲ್ ಹರಿದಿದ್ದರೆ ಕನೆಕ್ಟರನ್ನೇ ಬದಲಾಯಿಸಿ. ಆಮೇಲೆ ವೈರ್ ಕನೆಕ್ಟರಿಗಿಂತ ಕೆಳಗೆ ಸ್ವಲ್ಪ ಜೋತು ಬಿದ್ದು ಮೇಲೆ ಬರುವ ಹಾಗೆ ಕಟ್ಟಿ, ನೀರು ಬಂದರೂ ಅಲ್ಲೇ ತೊಟ್ಟಿಕ್ಕಲಿ.

ಅಂಕೋಲಾ ಡೀಸೆಲ್:
ಪುಲ್ಲಿಂಗ್ ಕಡಿಮೆ ಅಂದಿರಲ್ಲ, ಅದಕ್ಕೂ ಇದಕ್ಕೂ ಸಂಬಂಧ ಇರಲೇಬೇಕು ಅಂತ ಇಲ್ಲ. ಕೆಲವು ಗಾಡಿಯಲ್ಲಿ ಈ ಫಾಲ್ಟ್ ಬಂದರೆ ಇಸಿಯು ಪವರ್ ಇಳಿಸುತ್ತೆ, ಕೆಲವದರಲ್ಲಿ ಇಲ್ಲ. ಇದು ಸರಿಯಾದ ಮೇಲೂ ಘಾಟಿಯಲ್ಲಿ ಹಾಗೇ ಇದ್ದರೆ ಏರ್ ಫಿಲ್ಟರ್, ಇಂಟರ್‌ಕೂಲರ್ ಪೈಪ್ ನೋಡಿಸಿ.

ಬೈತಖೋಲ್ ಪಿಕಪ್:
ಕನೆಕ್ಟರಿನಿಂದ ಎರಡು ಇಂಚು ಹಿಂದೆ ಸಿಕ್ಕಿತು. ಹೊರಗೆ ವೈರ್ ಹೊಸದರ ಹಾಗೆ ಇತ್ತು, ಸಿಪ್ಪೆ ಸುಲಿದರೆ ಒಳಗೆ ತಾಮ್ರವೇ ಇಲ್ಲ, ಬರೀ ಹಸಿರು ಪುಡಿ. ನೀವು ಹೇಳಿದ ಹಾಗೇ ಹಿಂದಕ್ಕೆ ಕತ್ತರಿಸಿ ತುಂಡು ಸೇರಿಸಿ ಸೋಲ್ಡರ್ ಮಾಡಿಸಿದೆ, ಕನೆಕ್ಟರೂ ಹೊಸದು. ಕೋಡ್ ಕ್ಲಿಯರ್ ಮಾಡಿದ ಮೇಲೆ ಬಂದಿಲ್ಲ. ಬೆಳಿಗ್ಗೆ ಸ್ಟಾರ್ಟ್ ಮಾಡುವ ಮೊದಲು ಆಯಿಲ್ 27, ಕೂಲೆಂಟ್ 27 ತೋರಿಸಿತು.

ಶಿರಸಿ ಆಟೋ ವೈರಿಂಗ್:
ರಾತ್ರಿಯಿಡೀ ನಿಂತ ಗಾಡಿಯಲ್ಲಿ ಎರಡೂ ಹೀಗೆ ಹತ್ತಿರ ಹತ್ತಿರ ಇರಬೇಕು, ಸರಿ ಇದೆ. ಲೋಡ್ ಹಾಕಿ ಅರಬೈಲ್ ಹತ್ತುವಾಗ ಪಕ್ಕದಲ್ಲಿ ಯಾರಾದರೂ ಕೂತು ಲೈವ್ ಡೇಟಾ ನೋಡಲಿ. ಆಯಿಲ್ ನಿಧಾನಕ್ಕೆ ಏರಬೇಕು, ನಡುವೆ ಒಮ್ಮೆಯೂ ಮೈನಸ್‌ಗೆ ಜಿಗಿಯಬಾರದು.

ಬೈತಖೋಲ್ ಪಿಕಪ್:
ನಿನ್ನೆ ಲೋಡ್ ಹಾಕಿಕೊಂಡು ಹೋಗಿ ಬಂದೆ. ಘಾಟಿಯ ತಲೆಗೆ 104 ಡಿಗ್ರಿ, ಎಲ್ಲೂ ಜಿಗಿಯಲಿಲ್ಲ. ತುಂಬಾ ಉಪಕಾರ ಆಯ್ತು ಅಣ್ಣ. ಪುಲ್ಲಿಂಗ್ ಮಾತ್ರ ಹಾಗೇ ಇದೆ, ಈ ವಾರ ಇಂಟರ್‌ಕೂಲರ್ ಪೈಪ್ ಬಿಚ್ಚಿಸಿ ನೋಡ್ತೇನೆ.