ದೇವರಿಗೂ ಒಂದು ಕಾರಣ ಬೇಡವಾ?

ಕುತೂಹಲಿ:
ಎರಡು ವಾರದಿಂದ ಇದೇ ತಲೆಯಲ್ಲಿ ಸುತ್ತುತ್ತಿದೆ. ಪ್ರತಿಯೊಂದಕ್ಕೂ ಕಾರಣ ಇರುತ್ತದೆ, ಆ ಕಾರಣಕ್ಕೆ ಇನ್ನೊಂದು ಕಾರಣ, ಹೀಗೇ ಹಿಂದಕ್ಕೆ ಹೋದರೆ ಎಲ್ಲೋ ಒಂದು ಕಡೆ ಮೊದಲ ಕಾರಣ ಸಿಗಲೇಬೇಕು, ಅದೇ ದೇವರು ಅಂತಾರೆ. ಸರಿ. ಆದರೆ ಪ್ರತಿಯೊಂದಕ್ಕೂ ಬೇಕು ಅಂದಮೇಲೆ ದೇವರಿಗೂ ಬೇಕಲ್ವಾ? ದೇವರಿಗೆ ಬೇಡ ಅನ್ನುವುದಾದರೆ, ಜಗತ್ತಿಗೇ ಬೇಡ ಅಂದುಬಿಟ್ಟರೆ ಏನು ತಪ್ಪು? ನಾನು ನಾಸ್ತಿಕ ಅಲ್ಲ, ದಿನಾ ಕೈ ಮುಗಿಯುವವನೇ. ಅದಕ್ಕೇ ಸುಮ್ನೆ ‘ನಂಬು’ ಅನ್ನುವ ಉತ್ತರ ನನಗೆ ಸಾಲುತ್ತಿಲ್ಲ.

ಹಳೇ ಓದುಗ:
ನಿಮ್ಮ ಮೊದಲ ಪ್ರಶ್ನೆಗೆ ಉತ್ತರ ಇದೆ, ಎರಡನೆಯದು ನಿಜಕ್ಕೂ ಕಷ್ಟ. ಈ ವಾದವನ್ನು ಗಟ್ಟಿಯಾಗಿ ಮಂಡಿಸಿದವರು ‘ಪ್ರತಿಯೊಂದಕ್ಕೂ ಕಾರಣ ಇದೆ’ ಅಂತ ಹೇಳಿಲ್ಲ. 13ನೇ ಶತಮಾನದ ಕ್ರೈಸ್ತ ಚಿಂತಕ ಥಾಮಸ್ ಅಕ್ವಿನಾಸ್, ಆಮೇಲೆ ಜರ್ಮನ್ ತತ್ವಜ್ಞಾನಿ ಲೈಬ್ನಿಜ್, ಇವರು ಕೇಳಿದ್ದು ಇರಬಹುದು, ಇಲ್ಲದೆಯೂ ಇರಬಹುದು ಅನ್ನುವಂಥ ವಸ್ತುಗಳ ಬಗ್ಗೆ. ದೇವರು ಇಲ್ಲದೇ ಇರಲು ಸಾಧ್ಯವೇ ಇಲ್ಲ, ಹಾಗಾಗಿ ಅವನಿಗೆ ಬೇರೆ ಕಾರಣ ಬೇಡ ಅನ್ನುತ್ತಾರೆ ಇವರು. ಒಂದು ಫಾರ್ವರ್ಡ್ ಮೆಸೇಜು ಬಂತು ಅಂದುಕೊಳ್ಳಿ. ನಿಮಗೆ ಕಳಿಸಿದವರಿಗೆ ಇನ್ಯಾರೋ ಕಳಿಸಿದ್ದಾರೆ, ಅವರಿಗೆ ಮತ್ಯಾರೋ. ಕಳಿಸಿದವರನ್ನು ಎಷ್ಟೇ ಎಣಿಸಿದರೂ, ಆ ಸಾಲಿಗೆ ಕೊನೆಯೇ ಇಲ್ಲದಿದ್ದರೂ, ಅದರೊಳಗಿನ ಮಾತು ಎಲ್ಲಿಂದ ಬಂತು ಅನ್ನುವುದು ಗೊತ್ತಾಗುವುದಿಲ್ಲ. ಅದಕ್ಕೆ ಬರೆದವರೊಬ್ಬರು ಬೇಕು. ದೇವರು ಸಾಲಿನಲ್ಲಿ ಮೊದಲು ನಿಂತವನಲ್ಲ, ಇಡೀ ಸಾಲಿಗೇ ಆಧಾರ ಅನ್ನುವುದು ಇವರ ವಾದ.

ಇನ್ನು ಜಗತ್ತಿಗೇ ಕಾರಣ ಬೇಡ ಅಂದರೆ? 1948ರಲ್ಲಿ ಬಿಬಿಸಿ ರೇಡಿಯೋದಲ್ಲಿ ಫಾದರ್ ಕೊಪಲ್ಸ್ಟನ್ ಜೊತೆ ನಡೆದ ಚರ್ಚೆಯಲ್ಲಿ ತತ್ವಜ್ಞಾನಿ ಬರ್ಟ್ರಂಡ್ ರಸೆಲ್ ಅದನ್ನೇ ಹೇಳಿದ್ದು. ಜಗತ್ತು ಇದೆ, ಅಷ್ಟೇ. ನನಗೆ ಆ ಮಾತಿನಿಂದ ತೃಪ್ತಿ ಇಲ್ಲ, ಆದರೆ ಅದು ತಪ್ಪು ಅಂತ ತೋರಿಸುವ ದಾರಿಯೂ ನನಗೆ ಇನ್ನೂ ಸಿಕ್ಕಿಲ್ಲ.

ಮಣ್ಣು ಮಡಕೆ:
ನಮ್ಮಲ್ಲೂ ಈ ಜಗಳ ಜೋರಾಗಿಯೇ ನಡೆದಿದೆ, ಅದನ್ನು ಯಾಕೆ ಬಿಡುತ್ತೀರಿ? ಮಡಕೆ ನೋಡಿದರೆ ಕುಂಬಾರ ಇದ್ದಾನೆ ಅಂತ ತಿಳಿಯುತ್ತದೆ, ಜಗತ್ತೂ ಹಾಗೆ ಮಾಡಿದ ವಸ್ತುವೇ, ಅದಕ್ಕೂ ಒಬ್ಬ ಕರ್ತೃ ಬೇಕು ಅಂತ ತರ್ಕಕ್ಕೆ ಹೆಸರಾದ ನ್ಯಾಯ ದರ್ಶನದವರು ಹೇಳಿದರು. ಸುಮಾರು ಸಾವಿರ ವರ್ಷದ ಹಿಂದೆ ಉದಯನ ಇದಕ್ಕಾಗಿಯೇ ‘ನ್ಯಾಯಕುಸುಮಾಂಜಲಿ’ ಬರೆದ. ಈ ವಾದವನ್ನು ಒಡೆದವರು ಬರೀ ಬೌದ್ಧರು, ಜೈನರು ಅಲ್ಲ. ವೇದವನ್ನು ಪೂರ್ತಿ ಒಪ್ಪುವ ಮೀಮಾಂಸಕ ಕುಮಾರಿಲ ಭಟ್ಟನೂ ಸೃಷ್ಟಿಕರ್ತನನ್ನು ಒಪ್ಪಲಿಲ್ಲ. ಇನ್ನು ರಾಮಾನುಜರನ್ನು ನೋಡಿ. ಅವರಿಗಿಂತ ದೊಡ್ಡ ಭಕ್ತರು ಬೇಕಾ? ಅವರೇ ವೇದಾಂತದ ಮೂಲಗ್ರಂಥ ಬ್ರಹ್ಮಸೂತ್ರಕ್ಕೆ ಬರೆದ ಶ್ರೀಭಾಷ್ಯದಲ್ಲಿ, ಜಗತ್ತೆಲ್ಲ ಒಂದೇ ಸಲ ಒಬ್ಬನೇ ಮಾಡಿದ್ದು ಅಂತ ಬರೀ ತರ್ಕದ ಊಹೆಯಿಂದ ಹೇಗೆ ಹೇಳುತ್ತೀರಿ ಅಂತ ಕೇಳುತ್ತಾರೆ. ದೇವರನ್ನು ಶಾಸ್ತ್ರದಿಂದ ತಿಳಿಯಬೇಕು, ಊಹೆಯಿಂದಲ್ಲ ಅನ್ನುವುದು ಅವರ ನಿಲುವು. ಮಧ್ವರದ್ದೂ ಅದೇ. ಹಾಗಾಗಿ ಒಂದು ವಾದ ಬಿದ್ದಕೂಡಲೇ ನೀವು ಮುಗಿದ ಕೈ ಬಿಡಿಸಬೇಕು ಅಂತೇನಿಲ್ಲ ಕುತೂಹಲಿಯವರೇ.

ದೂರದ ಮಳೆ:
ನನ್ನನ್ನು ಕಾಡುವುದು ಕಾರಣದ ವಾದ ಅಲ್ಲ, ನೋವಿನದು. 1979ರಲ್ಲಿ ತತ್ವಜ್ಞಾನಿ ವಿಲಿಯಂ ರೋ ಒಂದು ಉದಾಹರಣೆ ಕೊಟ್ಟರು. ದೂರದ ಕಾಡಿನಲ್ಲಿ ಸಿಡಿಲಿಗೆ ಬೆಂಕಿ ಹತ್ತಿ ಒಂದು ಜಿಂಕೆಮರಿ ಸುಟ್ಟುಕೊಳ್ಳುತ್ತದೆ, ಹಲವು ದಿನ ನರಳಿ ಸಾಯುತ್ತದೆ. ಯಾರೂ ನೋಡಲಿಲ್ಲ, ಯಾರೂ ಏನೂ ಕಲಿಯಲಿಲ್ಲ. ಮನುಷ್ಯರಿಗೆ ಸ್ವಾತಂತ್ರ್ಯ ಕೊಟ್ಟಿದ್ದಕ್ಕೇ ಕೆಡುಕು ಬಂತು ಅನ್ನುವ ಉತ್ತರ ಇಲ್ಲಿ ನಡೆಯುವುದಿಲ್ಲ, ಯಾಕೆಂದರೆ ಅಲ್ಲಿ ಮನುಷ್ಯರೇ ಇಲ್ಲ. ಬ್ರಹ್ಮಸೂತ್ರದ ಉತ್ತರ ಬೇರೆ: ದೇವರು ಪಕ್ಷಪಾತಿಯೂ ಅಲ್ಲ, ನಿರ್ದಯನೂ ಅಲ್ಲ, ಅವರವರ ಕರ್ಮ ನೋಡಿ ಫಲ ಕೊಡುತ್ತಾನೆ, ಆ ಕರ್ಮಕ್ಕೆ ಆದಿಯೇ ಇಲ್ಲ. ಲೆಕ್ಕ ಸರಿಹೋಗುತ್ತದೆ, ಒಪ್ಪುತ್ತೇನೆ. ಆದರೆ ಏನು ತಪ್ಪು ಮಾಡಿದ್ದೆ ಅಂತ ನೆನಪೇ ಇಲ್ಲದ ಜೀವಕ್ಕೆ ಶಿಕ್ಷೆ ಕೊಟ್ಟರೆ ಅದು ಹೇಗೆ ನ್ಯಾಯ? ನನ್ನ ತಂಗಿಯ ಮಗು ಹುಟ್ಟಿದ ಹನ್ನೊಂದನೇ ದಿನಕ್ಕೆ ಹೋಯಿತು. ಪೂರ್ವಜನ್ಮದ ಕರ್ಮ ಅಂತ ಸಮಾಧಾನ ಹೇಳಿದವರ ಮೇಲೆ ನನಗೆ ಸಿಟ್ಟಿಲ್ಲ, ಅವರು ಪ್ರೀತಿಯಿಂದಲೇ ಹೇಳಿದ್ದು. ಆ ಮಾತು ಮಾತ್ರ ನನ್ನೊಳಗೆ ಇಳಿಯಲೇ ಇಲ್ಲ.

ಹಳೇ ಓದುಗ:
ಇದಕ್ಕೆ ಆಸ್ತಿಕರು ಕೊಡುವ ಒಂದು ಉತ್ತರ, ಕಾರಣ ನಮಗೆ ಕಾಣಲಿಲ್ಲ ಅಂದಮಾತ್ರಕ್ಕೆ ಕಾರಣ ಇಲ್ಲ ಅಂತಲ್ಲ ಅನ್ನುವುದು. ತರ್ಕವಾಗಿ ಅದು ನಿಲ್ಲುತ್ತದೆ. ಆದರೆ ಅದನ್ನು ಜಾಸ್ತಿ ಎಳೆದರೆ ತೊಂದರೆ. ದೇವರ ಲೆಕ್ಕ ನಮಗೆ ತಿಳಿಯುವುದೇ ಇಲ್ಲ ಅಂದರೆ, ಅವನು ಒಳ್ಳೆಯವನು ಅಂತ ಹೇಳಲು ನಮಗೆ ಏನು ಆಧಾರ ಉಳಿಯಿತು? ಇಲ್ಲಿ ನಾನೂ ಸಿಕ್ಕಿಕೊಂಡಿದ್ದೇನೆ.

ಕುತೂಹಲಿ:
ಫಾರ್ವರ್ಡ್ ಉದಾಹರಣೆಯಿಂದ ನಾನು ಎಡವಿದ್ದು ಎಲ್ಲಿ ಅಂತ ಗೊತ್ತಾಯಿತು. ರಾಮಾನುಜರು ಹಾಗೆ ಕೇಳಿದ್ದರು ಅನ್ನುವುದು ನನಗೆ ಪೂರ್ತಿ ಹೊಸದು, ಅದನ್ನು ಕೂತು ಓದುತ್ತೇನೆ. ರಸೆಲ್ ಮಾತಿಗೆ ಉತ್ತರ ಹೊಳೆದರೆ ಇಲ್ಲೇ ಬರೆಯುತ್ತೇನೆ. ದೂರದ ಮಳೆಯವರೇ, ನಿಮ್ಮ ತಂಗಿ ಈಗ ಹೇಗಿದ್ದಾರೆ?