ಅಪ್‌ಡೇಟ್: ಕಿಟಕಿ ಬೆಳಕಿನ ಕಪ್ಪು-ಬಿಳುಪು ಫೋಟೊಗಳ ಮಂಕುತನ ಹೋಯಿತು

ಟೊಮೆಟೊ, ಹಸಿರು ಎಲೆ, ಗಾಜಿನ ಲೋಟ ಇಟ್ಟು ತೆಗೆದರೆ ಎಲ್ಲವೂ ಒಂದೇ ಬೂದುಬಣ್ಣಕ್ಕೆ ತಿರುಗುತ್ತವೆ, ಏನು ಮಾಡಲಿ ಅಂತ ಹಿಂದೆ ನಿಮ್ಮನ್ನು ಕೇಳಿದ್ದೆ, ನೀವು ಸಲಹೆ ಕೊಟ್ಟಿದ್ದಿರಿ. ತಪ್ಪು ಎರಡು ಕಡೆ ಇತ್ತು.

ಕಿಟಕಿ ಕ್ಯಾಮೆರಾದ ಬೆನ್ನಿಗಿತ್ತು, ಹಾಗಾಗಿ ನೆರಳೆಲ್ಲ ವಸ್ತುಗಳ ಹಿಂದೆ ಅಡಗುತ್ತಿತ್ತು. ಈಗ ಕಿಟಕಿ ಎಡಕ್ಕೆ, ವಸ್ತುಗಳಿಗಿಂತ ತುಸು ಹಿಂದೆ. ಬಲಕ್ಕೆ ಬಿಳಿ ರಟ್ಟು ಬೇಡ, ಕಪ್ಪು ರಟ್ಟು ಇಡಿ ಅಂದಿದ್ದಿರಲ್ಲ, ಅದೇ ಸರಿ: ಲೋಟದ ಅಂಚಿನಲ್ಲಿ ತೆಳು ಕಪ್ಪು ಗೆರೆ ಮೂಡಿ ಗಾಜಿಗೆ ಆಕಾರ ಬಂತು. ಕೋಣೆಯ ಲೈಟ್ ಆರಿಸಲೇಬೇಕು. ಇಲ್ಲದಿದ್ದರೆ ಎರಡೆರಡು ನೆರಳು.

ಇನ್ನೊಂದು ತಪ್ಪು ಬಣ್ಣದ್ದು. ಕೆಂಪು, ಹಸಿರು ಕಣ್ಣಿಗೆ ಬೇರೆ ಕಂಡರೂ ಹೊಳಪು ಸಮವಾಗಿದ್ದರೆ ಬೂದು ಒಂದೇ. ಸ್ಯಾಚುರೇಶನ್ (ಬಣ್ಣದ ಗಾಢತೆ) ಸೊನ್ನೆ ಮಾಡುವುದು ಸೋಮಾರಿ ದಾರಿ. ರಾ ಫೈಲಿಗೆ (ಕ್ಯಾಮೆರಾ ಸಂಸ್ಕರಿಸದೆ ಉಳಿಸುವ ಮೂಲ ಫೈಲ್), ಎಡಿಟಿಂಗ್ ಆ್ಯಪ್‌ನಲ್ಲಿ ಒಂದೊಂದು ಬಣ್ಣದ ಬೂದನ್ನು ಬೇರೆಬೇರೆಯಾಗಿ ಹೆಚ್ಚು-ಕಡಿಮೆ ಮಾಡುವ ಬ್ಲ್ಯಾಕ್ ಅಂಡ್ ವೈಟ್ ಮಿಕ್ಸರ್‌ನಲ್ಲಿ ಕೆಂಪು +35, ಹಸಿರು −25 ಕೊಟ್ಟೆ. ಟೊಮೆಟೊ ಬೆಳಗಿತು, ಎಲೆ ಕಪ್ಪಾಯಿತು. ಅದಕ್ಕಿಂತ ತುಂಬಾ ಎಳೆದರೆ ಎಲೆಯ ಅಂಚಿಗೆ ಬಿಳಿ ಗೆರೆ, ನೆರಳಿನಲ್ಲಿ ನಾಯ್ಸ್ (ಕಾಳುಕಾಳು ಚುಕ್ಕೆ).

ಸೆಟ್ಟಿಂಗ್: ಐಎಸ್ಒ (ಬೆಳಕಿಗೆ ಸಂವೇದನೆ) 100, ಲೆನ್ಸ್ ತೆರೆ ಎಫ್/8, ಶಟರ್ 1/4 ಸೆಕೆಂಡ್, ಟ್ರೈಪಾಡ್, 2 ಸೆಕೆಂಡ್ ಟೈಮರ್. ಹಿನ್ನೆಲೆ ಕಪ್ಪಾದ್ದರಿಂದ ಕ್ಯಾಮೆರಾದ ಬೆಳಕು ಅಳೆಯುವ ಮೀಟರ್ ಮೋಸಹೋಗಿ ಚಿತ್ರವನ್ನು ಬೆಳ್ಳಗೆ ಮಾಡುತ್ತದೆ, ಅದಕ್ಕೆ ಎಕ್ಸ್‌ಪೋಶರ್ ಕಾಂಪೆನ್ಸೇಶನ್ (ಬೆಳಕಿನ ತಿದ್ದುಪಡಿ) −1. ಮೋಡ ಸರಿದಾಗಲೆಲ್ಲ ಹಿಸ್ಟೊಗ್ರಾಮ್ (ಚಿತ್ರದ ಕಪ್ಪು-ಬಿಳುಪಿನ ಹಂಚಿಕೆ ತೋರಿಸುವ ನಕ್ಷೆ) ಮತ್ತೆ ನೋಡಬೇಕು.