ಸಹಾಯ ಬೇಕು: ಸ್ಟೀರಿಯೊದಲ್ಲಿ ಬಾಸ್ ಗುಂಯ್‌ಗುಡುತ್ತಿದೆ

ಕೋಣೆ 12 ಅಡಿ ಉದ್ದ, 10 ಅಡಿ ಅಗಲ. 8 ಓಮ್‌ನ ಎರಡು ಬುಕ್‌ಶೆಲ್ಫ್ ಸ್ಪೀಕರ್, 50 ವ್ಯಾಟ್ ಆಂಪ್ಲಿಫೈಯರ್. ಕೆಲವು ಬಾಸ್ ಸ್ವರಗಳು ಮಾತ್ರ ಗುಂಯ್ ಎಂದು ಎಳೆಯುತ್ತವೆ, ಹಾಡುವವರ ದನಿ ಅದರಡಿ ಮುಚ್ಚಿಹೋಗುತ್ತದೆ.

ಪ್ಲಸ್, ಮೈನಸ್ ತಂತಿ ಅದಲುಬದಲಾಗಿಲ್ಲ (ಒಂದರಲ್ಲಿ ಆಗಿದ್ದರೆ ಬಾಸ್ ತೆಳುವಾಗುತ್ತಿತ್ತು). ಟ್ವೀಟರ್ (ಮೇಲಿನ ಸ್ವರಗಳನ್ನು ನುಡಿಸುವ ಸಣ್ಣ ಘಟಕ) ಕಿವಿಯ ಮಟ್ಟದಲ್ಲಿದೆ. ಗೋಡೆಯಿಂದ ಅರ್ಧ ಅಡಿಯಲ್ಲಿದ್ದ ಸ್ಪೀಕರ್‌ಗಳನ್ನು 2 ಅಡಿ ಮುಂದಕ್ಕೆ ತಂದ ಮೇಲೆ ದನಿ ಸ್ವಲ್ಪ ಬಿಡಿಸಿಕೊಂಡಿತು. ಆದರೆ 47 ಹರ್ಟ್ಜ್ ಸುತ್ತಲಿನ ಉಬ್ಬು ಹೋಗಿಲ್ಲ. ಎದುರುಬದುರು ಗೋಡೆಗಳ ನಡುವೆ ಶಬ್ದ ಅನುರಣಿಸುವ ಆವರ್ತನವನ್ನು 12 ಅಡಿ ಉದ್ದಕ್ಕೆ ಲೆಕ್ಕ ಹಾಕಿದರೂ ಅದೇ ಅಂಕಿ ಬರುತ್ತದೆ, ಅಂದರೆ ಕಾರಣ ಕೋಣೆಯೇ; ಹಾಗಾಗಿ ದಯವಿಟ್ಟು ಕೇಬಲ್ ಬದಲಿಸಿ ಎನ್ನಬೇಡಿ. ಸೋಫಾ ಹಿಂದಿನ ಗೋಡೆಗೆ ಅಂಟಿರುವುದೂ ಕಾರಣವೇ, ಆದರೆ ಸರಿಸಲು ಜಾಗವಿಲ್ಲ.

ಮೂಲೆಗಳಲ್ಲಿ 4 ಇಂಚಿನ ರಾಕ್‌ವೂಲ್ (ಶಬ್ದ ಹೀರುವ ಕಲ್ಲುನಾರಿನ ಹಲಗೆ) ಇಷ್ಟು ಕೆಳಗಿನ ಆವರ್ತನಕ್ಕೆ ಸಾಕಾಗುತ್ತದೆಯೇ? ಇಲ್ಲವೇ ಈಕ್ವಲೈಸರ್‌ನಲ್ಲಿ 47 ಹರ್ಟ್ಜ್ ಬಳಿ ಮಾತ್ರ 6 ಡೆಸಿಬಲ್ ಇಳಿಸಿದರೆ ಮೇಲೋ? ಇಳಿಸಿದವರು ಕ್ಯೂ (ಇಳಿಸುವ ಪಟ್ಟಿ ಎಷ್ಟು ಕಿರಿದು ಎಂಬ ಅಳತೆ) ಎಷ್ಟಿಟ್ಟಿದ್ದೀರಿ, ತಿಳಿಸಿ.